ದೋನ್ ಫೆರ್ಮಿನ್‌ರ ಚಿನ್ನದ ಹಲ್ಲು

"ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು, ನನ್ನ ಅಜ್ಜಿ, ಮತ್ತೆ ದೋನ್ ಫೆರ್ಮಿನ್. ದೋನ್ ಫೆರ್ಮಿನ್ ತೀರಿಕೊಂಡು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿಲ್ಲ..."

ಯೋಲಾಳ ದನಿ ನಡುಗಿತು. ಹಾಳೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಸುಮ್ಮನಿರ್ರೋ... ನೀನು ಓದಮ್ಮ," ಎಂದರು ಓರ್ಫಾ ಮೇಡಂ.

ಅದು ಲಾ ಪಾಸ್ ನಗರದ ಕಾಲೇಜೊಂದರ ಕಥೆ ಬರೆಯುವ ತರಗತಿ. ಮನೆಯ ಹೊಸ್ತಿಲಿಂದಾಚೆ ಹೇಳಲು ನಿಮಗೆ ಭಯವಾಗುವ ಒಂದು ಸಂಗತಿಯನ್ನು ಬರೆದು ತನ್ನಿ ಎಂದು ಮೇಡಂ ಹೇಳಿದ್ದರು. ಬೇರೆಯವರೆಲ್ಲ ಕದ್ದು ಸೇದಿದ ಸಿಗರೇಟು, ಮುರಿದ ಪ್ರೀತಿ ಬರೆದು ಪಾರಾಗಿದ್ದರು. ಯೋಲಾ ತಿಕೋನಾ ಮಾತ್ರ ನಿಜಕ್ಕೂ ಹೇಳಬಾರದ್ದನ್ನೇ ಬರೆದು ತಂದಿದ್ದಳು.

"...ಮೂಲೆಯ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ, ಪುಟ್ಟ ದಿಂಬಿನ ಮೇಲೆ ಅವರು ಕೂತಿರುತ್ತಾರೆ. ಅವರಿಗೆ ಮೈಯಿಲ್ಲ. ತಲೆಬುರುಡೆ ಮಾತ್ರ. ಅಜ್ಜಿ ಹೆಣೆದ ಉಣ್ಣೆ ಟೋಪಿ ಹಾಕಿಕೊಂಡಿದ್ದಾರೆ. ಪ್ರತಿ ಸೋಮವಾರ ಅವರ ಮುಂದೆ ಕೋಕಾ ಎಲೆ ಇಟ್ಟು, ಸಿಗರೇಟು ಹಚ್ಚಿ, ನಮ್ಮನ್ನು ಕಾಪಾಡಿ ಎಂದು ಬೇಡಿಕೊಳ್ಳುತ್ತೇವೆ. ಚಿಕ್ಕವಳಿದ್ದಾಗ ನನಗೆ ಅವರನ್ನು ಕಂಡರೆ ಭಯ. ಈಗ, ಅವರಿಲ್ಲದ ಮನೆಯನ್ನು ನೆನೆದರೆ ಭಯ. ಎಡಹುಬ್ಬಿನ ಮೂಳೆಯ ಮೇಲೆ ಕೂದಲೆಳೆಯಂಥ ಗೀರು. ಸದಾ ನಕ್ಕಂತಿರುವ ಆ ಬಾಯಲ್ಲಿ, ಮೇಲಿನ ಸಾಲಿನಲ್ಲಿ, ಒಂದು ಚಿನ್ನದ ಹಲ್ಲು..."

ದಢ್!

ಕುರ್ಚಿಯೊಂದು ಹಿಂದಕ್ಕೆ ಉರುಳಿತು.

ಕಿಟಕಿಯ ಪಕ್ಕದ ಸಾಲಿನಲ್ಲಿ ಅಬೆಲ್ ಇರಿಯಾರ್ತೆ ಎದ್ದು ನಿಂತಿದ್ದ. ಸೊಪೊಕಾಚಿ ಬಡಾವಣೆಯ ಅನುಕೂಲಸ್ಥರ ಹುಡುಗ. ಇಷ್ಟು ದಿನ ಯೋಲಾ ಅವನ ಕಡೆ ಕಳ್ಳಗಣ್ಣಿನಿಂದಲ್ಲದೆ ನೇರ ನೋಡಿದವಳೇ ಅಲ್ಲ. ಈಗ ಅವನೇ ಅವಳನ್ನು ನೋಡುತ್ತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಒಂದು ಕ್ಷಣ, ಅಷ್ಟೇ. ಮರುಕ್ಷಣ ಬಾಗಿಲು ತಳ್ಳಿಕೊಂಡು ಹೊರಟುಹೋದ.

"ಅಯ್ಯಯ್ಯೋ! ಹೆದರಿಸಿ ಓಡಿಸಿಬಿಟ್ಟಳಲ್ರೋ!" ರೊಹೇಲಿಯೋ ಕೂಗಿದ. "ಯೋಲಾ, ಪರೀಕ್ಷೆ ಹತ್ತಿರ ಬಂತು ಕಣೇ, ನಿಮ್ಮ ದೋನ್‌ಗೆ ನನ್ನ ಹೆಸರಲ್ಲೂ ಒಂದು ಸಿಗರೇಟು ಹಚ್ಚು!"

ತರಗತಿಯೆಲ್ಲ ಗೊಳ್ಳೆಂದಿತು. ಯೋಲಾಳಿಗೆ ನಗು ಕೇಳಿಸಲೇ ಇಲ್ಲ. ಕಿವಿಯಲ್ಲಿ ಅಜ್ಜಿಯ ಮಾತು ಮೊಳಗುತ್ತಿತ್ತು.

'ಅವರ ಸುದ್ದಿ ಹೊರಗೆ ಎತ್ತಬೇಡ ಮಗಳೇ. ಕೇಳಿಸಿಕೊಂಡವರಲ್ಲಿ ಯಾರಾದ್ರೂ ಒಂದಿನ ನಮ್ಮೋರು ಅಂತ ಕೇಳಿಕೊಂಡು ಬರ್ತಾರೆ...'

ಯಾಕಾದರೂ ಓದಿದೆನೋ!

* * *

ಕೇಬಲ್ ಕಾರ್ ನಿಲ್ದಾಣದ ಮೆಟ್ಟಿಲ ಬಳಿ ಅವನು ಕಾದು ನಿಂತಿದ್ದ. ಯೋಲಾ ಅವನನ್ನು ಕಂಡು ತಲೆ ತಗ್ಗಿಸಿ ಸರಿದು ಹೋಗಲು ನೋಡಿದಳು.

"ಯೋಲಾ... ಒಂದು ನಿಮಿಷ."

"ಗೇಲಿ ಮಾಡೋದು ಬಾಕಿ ಇದ್ರೆ ಇಲ್ಲೇ ಮಾಡಿ ಮುಗಿಸು. ನಂಗೆ ಹೊತ್ತಾಯ್ತು."

"ಗೇಲಿ ಅಲ್ಲ..."

"ಅಸಹ್ಯ ಆಯ್ತು ಅಲ್ವಾ? ಬೆಟ್ಟದ ಮೇಲಿನ ಜನ, ಬುರುಡೆ ಇಟ್ಕೊಂಡಿರ್ತಾರೆ ಅಂತ?"

"ಅಸಹ್ಯ ಅಲ್ಲ. ಭಯ ಆಯ್ತು."

ಅವನು ಅದನ್ನು ಹೇಳಿದ ರೀತಿಗೆ ಯೋಲಾಳ ಕಾಲು ನಿಂತಿತು. ಗಂಡು ಹುಡುಗರು ಭಯ ಎಂಬ ಮಾತನ್ನು ಹೀಗೆ ಮೆಲ್ಲಗೆ, ಎದುರಿನವರ ಕಣ್ಣು ನೋಡಿ ಹೇಳಿದ್ದನ್ನು ಅವಳು ಕಂಡಿರಲಿಲ್ಲ.

"ಒಂದೊಂದು ಲೋಟ ಆಪಿ ಕುಡಿಯೋಣ್ವಾ?" ಅವನು ಕೇಳಿದ. "ನನ್ನ ಕೈ ನೋಡು, ಹೇಗೆ ತಣ್ಣಗಾಗಿದೆ..."

ಬೀದಿಬದಿಯ ಹೆಂಗಸು ಕೆನ್ನೇರಳೆ ಜೋಳದ ಆಪಿಯನ್ನು ಹಬೆಯಾಡುವ ಹಾಗೆ ಸುರಿದುಕೊಟ್ಟಳು, ಜೊತೆಗೆ ಚೀಸ್ ತುಂಬಿದ ಕರಿದ ಕಡುಬು. ಮೊದಲ ಗುಟುಕಿಗೇ ಯೋಲಾಳ ಮೇಲ್ದುಟಿಗೆ ನೇರಳೆ ಮೀಸೆ ಬಂತು. ಅವನು ನಗಲಿಲ್ಲ. ಕರವಸ್ತ್ರ ಚಾಚಿದ.

"ಅವರು... ದೋನ್ ಫೆರ್ಮಿನ್... ನಿಮ್ಮ ಮನೆಗೆ ಹೇಗೆ ಬಂದ್ರು?"

ಯಾರೂ ಕೇಳದ ಪ್ರಶ್ನೆ ಅದು. ಅಜ್ಜಿಯ ಕಥೆಗಳನ್ನೇ ತಿಂದುಂಡು ಬೆಳೆದ ಹುಡುಗಿ. ಕೇಳುವ ಕಿವಿ ಸಿಕ್ಕರೆ ನಿಲ್ಲುತ್ತಾಳೆಯೇ?

"ಅಜ್ಜಿ ಆಗ ಸ್ಮಶಾನದ ಗೇಟ್ ಮುಂದೆ ಹೂ ಮಾರ್ತಿದ್ಲು. ಗುಂಡಿ ತೋಡೋ ಮುದುಕ ಒಬ್ಬ ಪೇಪರ್‌ನಲ್ಲಿ ಸುತ್ಕೊಂಡು ಬಂದು, 'ಇವರಿಗೆ ಯಾರೂ ಇಲ್ಲ ಸಾತುಕಾ, ನೀನು ನೋಡ್ಕೋ' ಅಂದ್ನಂತೆ. ಅವತ್ತೇ ಕನಸಲ್ಲಿ ಒಬ್ಬ ಗಂಡಸು ಬಂದು, 'ನಾನು ಫೆರ್ಮಿನ್. ತುಂಬಾ ಚಳಿ ಕಣಮ್ಮ' ಅಂದ್ರಂತೆ. ನಮ್ಮಲ್ಲಿ ಹಾಗೇ ತಾನೇ, ಅವರೇ ಬಂದು ಹೆಸರು ಹೇಳ್ಬೇಕು. ಬೆಳಗ್ಗೆ ಎದ್ದವಳೇ ಟೋಪಿ ಹೆಣೆಯೋಕೆ ಕೂತ್ಲಂತೆ."

"ಯಾವ ವರ್ಷ?"

"ಅಜ್ಜಿಗೆಲ್ಲಿ ವರ್ಷ? ಸೈನಿಕರು ಜನರನ್ನ ಎತ್ತಾಕ್ಕೊಂಡು ಹೋಗ್ತಿದ್ರಲ್ಲ, ಆ ಕಾಲ ಮುಗಿದ ಸ್ವಲ್ಪ ದಿನಕ್ಕೆ ಅಂತಾಳೆ."

ಅಬೆಲ್‌ನ ಕೈಯಲ್ಲಿದ್ದ ಆಪಿ ತುಳುಕಿ ಅಂಗಿಯ ಮೇಲೆ ಚೆಲ್ಲಿತು.

"ಅಯ್ಯೋ, ಸುಡ್ತಾ?"

"ಇಲ್ಲ... ಇಲ್ಲ." ಅವನು ಬೇರೆ ಕಡೆ ಮುಖ ತಿರುಗಿಸಿದ. "ಯೋಲಾ, ನಾನು ನಿಮ್ಮ ಮನೆಗೆ ಬರಬಹುದಾ? ಅವರಿಗೆ ಸಿಗರೇಟು ತರ್ತೀನಿ."

'ಬೇಡ ಅನ್ನು! ಬೇಡ ಅನ್ನು!' ಎಂದಿತು ಅವಳ ಒಳಗಿನ ಭಯ.

"ಸೋಮವಾರ ಬಾ," ಎಂದಳು ಯೋಲಾ.

* * *

ಬೆಟ್ಟದ ಮೇಲಿನ ಎಲ್ ಆಲ್ತೊದ ಇಟ್ಟಿಗೆ ಮನೆಗಳ ಸಾಲಿನಲ್ಲಿ, ಕೊನೆಯದಕ್ಕಿಂತ ಒಂದು ಈಚೆಗಿನದು ಸಾತುಕಾ ಅಜ್ಜಿಯ ಮನೆ. ಯೋಲಾಳ ಅಪ್ಪ ಅಮ್ಮ ಸಾವೊ ಪೌಲೋದ ಹೊಲಿಗೆ ಕಾರ್ಖಾನೆಯಲ್ಲಿದ್ದರು. ಫೋನಿನಲ್ಲಷ್ಟೇ ಅಪ್ಪ ಅಮ್ಮ. ಉಳಿದಂತೆ ಎಲ್ಲವೂ ಅಜ್ಜಿ.

ಅಬೆಲ್ ಹೊಸ್ತಿಲಲ್ಲಿ ನಿಂತಾಗ ಅಜ್ಜಿ ತನ್ನ ಗುಂಡು ಟೋಪಿಯ ಅಂಚಿನಿಂದ ಅವನನ್ನು ಮೇಲಿಂದ ಕೆಳಗೆ ಅಳೆದಳು. ಅವನ ಕೈಯಲ್ಲಿನ ಪೊಟ್ಟಣ ಕಿತ್ತುಕೊಂಡು ಮೂಸಿ ನೋಡಿದಳು.

"ಫಿಲ್ಟರ್ ಇರೋ ಸಿಗರೇಟು! ಯಾಕೋ ಹುಡುಗ, ಅವರಿಗೆ ಎದೆ ಕೆಡತ್ತೆ ಅಂತಾನಾ?"

ಅಬೆಲ್ ಕೆಂಪಗಾದ. ಯೋಲಾ ನಗು ತಡೆಯಲಾರದೆ ಒಳಗೆ ಓಡಿದಳು.

ಒಂದು ಸೋಮವಾರ ಬಂದವನು ಇನ್ನೊಂದು ಸೋಮವಾರವೂ ಬಂದ. ಆಮೇಲೆ ಸೋಮವಾರವಲ್ಲದ ದಿನಗಳಲ್ಲೂ ಬಂದ. ಅಜ್ಜಿಯ ಜೊತೆ ಕೂತು ಒಣಗಿಸಿದ ಕಪ್ಪು ಆಲೂಗಡ್ಡೆಯ ಸಿಪ್ಪೆ ಸುಲಿದ. "ಅರ್ಧ ಆಲೂಗಡ್ಡೆ ಸಿಪ್ಪೆ ಜೊತೆಗೇ ಹೋಯ್ತಲ್ಲೋ, ನಿಮ್ಮನೇಲಿ ಇದನ್ನೂ ಕಲಿಸಿಲ್ವಾ?" ಎಂದು ಬೈಸಿಕೊಂಡ. ಸಂಜೆ ಇಯಿಮಾನಿ ಬೆಟ್ಟದ ಹಿಮ ಗುಲಾಬಿಯಾಗುವ ಹೊತ್ತಿಗೆ ಮಹಡಿಯ ಮೇಲೆ, ಒಣಗುವ ಬಟ್ಟೆಗಳ ನಡುವೆ, ಯೋಲಾ ಬರೆದದ್ದನ್ನು ಓದಿಸಿ ಕೇಳಿದ.

"ನೀನು ಓದೋವಾಗ ನಂಗೆ ಏನನ್ಸತ್ತೆ ಗೊತ್ತಾ?" ಒಮ್ಮೆ ಕೇಳಿದ.

"ಏನು?"

"ಸತ್ತವರ್ಯಾರೂ ದೂರ ಹೋಗಿಲ್ಲ ಅನ್ಸತ್ತೆ."

ಯೋಲಾಳ ಎದೆ ಹೊಡೆದುಕೊಂಡಿತು. ಅವನ ಬೆರಳು ಅವಳ ಬೆರಳಿಗೆ ತಗುಲಿಯೂ ತಗುಲದ ಹಾಗಿತ್ತು.

'ದೇವರೇ, ಇಷ್ಟೊಂದು ಒಳ್ಳೆಯದು ನನಗ್ಯಾಕೆ? ಇದರ ಹಿಂದೆ ಏನಿದೆ?'

ಸುಖ ಬಂದಾಗಲೂ ಹೆದರುವುದೇ ಅವಳ ಸ್ವಭಾವ. ಕೆಲವೊಮ್ಮೆ ಮಾತಿನ ನಡುವೆ ಅಬೆಲ್‌ನ ಕಣ್ಣು ತನ್ನನ್ನು ದಾಟಿ ಮೂಲೆಯ ಮೇಜಿಗೆ ಹೋಗುವುದನ್ನು ಅವಳು ಕಂಡಿದ್ದಳು. ಕಂಡು, ಕಾಣದಂತೆ ಇದ್ದಳು.

ಆ ಬುಧವಾರ ಅಜ್ಜಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಯೋಲಾ ಅಬೆಲ್‌ನನ್ನು ಒಳಗೆ ಕೂರಿಸಿ ಮಧ್ಯಾಹ್ನದ ಚಹಾಕ್ಕೆ ಬಿಸಿ ಬ್ರೆಡ್ ತರಲು ಮೂಲೆಯ ಅಂಗಡಿಗೆ ಹೋಗಿದ್ದವಳು, ಬ್ರೆಡ್ಡನ್ನು ಎದೆಗವಚಿಕೊಂಡು ಬೇಗನೆ ಹಿಂತಿರುಗಿದಳು.

ಬಾಗಿಲು ಅರ್ಧ ತೆರೆದಿತ್ತು.

ಗಾಜಿನ ಪೆಟ್ಟಿಗೆಯೂ ತೆರೆದಿತ್ತು!

ದೋನ್ ಫೆರ್ಮಿನ್‌ರ ಟೋಪಿ ಮೇಜಿನ ಮೇಲೆ ಬಿದ್ದಿತ್ತು. ಬೋಳು ತಲೆಬುರುಡೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಅಬೆಲ್ ಆ ಚಿನ್ನದ ಹಲ್ಲಿನ ಫೋಟೋ ತೆಗೆಯುತ್ತಿದ್ದ.

ಬ್ರೆಡ್ಡು ನೆಲಕ್ಕೆ ಬಿತ್ತು.

"ಯೋಲಾ... ನಾನು ಹೇಳ್ತೀನಿ, ಕೇಳು..."

"ಅವರನ್ನ ಕೆಳಗಿಡು."

"ಯೋಲಾ—"

"ಕೆಳಗಿಡು ಅಂದೆ!"

ಅವನು ಇಟ್ಟ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ತಾತ. ಎವರಿಸ್ತೋ ಇರಿಯಾರ್ತೆ. ಶಾಲೆ ಮೇಷ್ಟ್ರು. ಸೈನಿಕರು ಮನೆಯಿಂದ ಎಳ್ಕೊಂಡು ಹೋದ್ರು, ಮತ್ತೆ ಬರ್ಲಿಲ್ಲ. ನಮ್ಮಜ್ಜಿ ನನ್ನ ಚಿಕ್ಕಂದಿನಿಂದ ಹೇಳ್ತಿದ್ಲು, ತಾತ ನಕ್ಕರೆ ಚಿನ್ನದ ಹಲ್ಲು ಮಿಂಚೋದು ಅಂತ. ಮೇಲಿನ ಸಾಲು. ಇದೇ ಜಾಗ. ಯೋಲಾ, ಇವರು ನನ್ನ ತಾತ ಇರಬಹುದು!"

"ಯಾವಾಗಿನಿಂದ ಗೊತ್ತಿತ್ತು?"

ಅವನು ಫೋನನ್ನು ಜೇಬಿಗೆ ಇಳಿಸಿದ.

"ಮೊದಲ ದಿನದಿಂದ ಅಲ್ವಾ? ಕುರ್ಚಿ ಬೀಳಿಸಿದ ದಿನದಿಂದ?" ಅವಳು ಮೇಜಿನ ಮೇಲಿನ ಟೋಪಿ ಎತ್ತಿಕೊಂಡಳು. "ಹಾಗಾದ್ರೆ ಆ ಆಪಿ... ಮಹಡಿ ಮೇಲೆ ಕೂತು ಕಥೆ ಕೇಳಿದ್ದು... ಎಲ್ಲ ಇದಕ್ಕಾ?"

"ಮೊದಮೊದಲು ಹೌದು. ಆಮೇಲೆ—"

"ಆಮೇಲೆ ಅನ್ನೋದು ಬೇಡ! ಹೋಗು ಇಲ್ಲಿಂದ!"

ಅವನು ಹೋದ. ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಸಾತುಕಾ ಅಜ್ಜಿ ನಿಂತಿದ್ದಳು. ಒದ್ದೆ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಎಲ್ಲ ಕೇಳಿಸಿಕೊಂಡಿದ್ದಳು.

* * *

ಅಂದಿನಿಂದ ಅಜ್ಜಿ ಬದಲಾದಳು.

ದೋನ್ ಫೆರ್ಮಿನ್‌ರನ್ನು ಬಣ್ಣದ ಹೊದಿಕೆಯಲ್ಲಿ ಸುತ್ತಿ ಮಂಚದ ಕೆಳಗಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಬೀದಿಯಲ್ಲಿ ಕಾರಿನ ಸದ್ದಾದರೆ ಬೆಚ್ಚಿದಳು. ಬಾಗಿಲು ತಟ್ಟಿದರೆ, "ಬಂದ್ರು ಮಗಳೇ, ಕರ್ಕೊಂಡು ಹೋಗೋಕೆ ಬಂದ್ರು," ಎಂದು ಯೋಲಾಳ ತೋಳು ಹಿಡಿದುಕೊಂಡಳು. ಸಾರು ಮುಟ್ಟಲಿಲ್ಲ. ದಿನೇ ದಿನೇ ಕಣ್ಣುಗಳು ಒಳಸೇರಿದವು.

"ಬೆಚ್ಚಿಬಿದ್ದಿದ್ದಾಳೆ. ಜೀವ ಮೈ ಬಿಟ್ಟು ಹೊರಗೆ ನಿಂತಿದೆ," ಎಂದಳು ಪಕ್ಕದ ಮನೆಯ ಬಾಸಿಲಿಯಾ. "ಕರೆದು ಒಳಗೆ ತಗೋ. ತಡ ಮಾಡಿದ್ರೆ ದೂರ ಹೋಗ್ಬಿಡತ್ತೆ."

ಸಂಜೆಯ ತಣ್ಣನೆ ಗಾಳಿಯಲ್ಲಿ ಯೋಲಾ ಹೊಸ್ತಿಲ ಮೇಲೆ ನಿಂತು ಅಜ್ಜಿಯ ಗುಂಡು ಟೋಪಿಯನ್ನು ಬೀಸುತ್ತ ಅವಳ ಪೂರ್ತಿ ಹೆಸರು ಹಿಡಿದು ಕರೆದಳು.

"ಸಾತುರ್ನಿನಾ... ಬಾ... ಮನೆಗೆ ಬಾ... ಇಲ್ಲಿ ನಾನಿದ್ದೀನಿ, ಬಾ..."

ಬೀದಿಯಲ್ಲಿ ನಾಯಿಯೊಂದು ನಿಂತು ಖಾಲಿ ಜಾಗವನ್ನೇ ದಿಟ್ಟಿಸಿ ನೋಡಿತು. ಯೋಲಾ ಟೋಪಿಯನ್ನು ಇನ್ನೂ ಜೋರಾಗಿ ಬೀಸಿದಳು. ಅಜ್ಜಿ ಬಾರದೇ ಹೋದರೆ? ನನ್ನಿಂದ, ನಾನು ಓದಿದ ಒಂದು ಹಾಳೆಯಿಂದ ಅಜ್ಜಿ ಹೋಗಿಬಿಟ್ಟರೆ?

ಒಳಗೆ ಬಂದಾಗ ಅಜ್ಜಿ ಗೋಡೆ ನೋಡುತ್ತ ಮಲಗಿದ್ದಳು.

"ಅವರು ಕನಸಿಗೆ ಬರ್ತಿಲ್ಲ ಕಣೇ," ಎಂದಳು ಮೆಲ್ಲಗೆ. "ಬೀಗ ಹಾಕಿದ ದಿನದಿಂದ ಬಂದಿಲ್ಲ. ಇಷ್ಟು ವರ್ಷದಲ್ಲಿ ಹೀಗೆ ಆಗಿರ್ಲಿಲ್ಲ. ನವೆಂಬರ್ ಎಂಟು ಹತ್ತಿರ ಬಂತು, ಬುರುಡೆಗಳ ಹಬ್ಬ. ಊರಿನ ಬುರುಡೆಗಳೆಲ್ಲ ಹೂ ಮುಡಿದು ಸ್ಮಶಾನಕ್ಕೆ ಹೋಗ್ತಾವೆ, ಇವರು ಕತ್ತಲಲ್ಲಿ... ಕರ್ಕೊಂಡು ಹೋದ್ರೆ ಆ ಹುಡುಗನ ಮನೆಯೋರು ಕಿತ್ಕೊಳ್ತಾರೆ. ಕರ್ಕೊಂಡು ಹೋಗದಿದ್ರೆ ಇವರು ಕೋಪ ಮಾಡ್ಕೊಳ್ತಾರೆ. ನಾನೇನು ಮಾಡ್ಲಿ ಮಗಳೇ?"

ಯೋಲಾ ಕಂಬಳಿಯನ್ನು ಅಜ್ಜಿಯ ಹೆಗಲ ತನಕ ಎಳೆದಳು.

* * *

ಮಾರನೆಯ ದಿನ ತರಗತಿಯಲ್ಲಿ ಓದುವ ಸರದಿ ಅಬೆಲ್‌ನದು. ಯೋಲಾ ಎದ್ದು ಹೋಗಬೇಕೆಂದುಕೊಂಡಳು. ಆಗಲಿಲ್ಲ.

ಅವನು ಯಾರ ಮುಖವನ್ನೂ ನೋಡದೆ ಓದತೊಡಗಿದ.

"ದೇಶದಲ್ಲಿ ಎಲ್ಲೇ ಹಳೆ ಮೂಳೆ ಸಿಕ್ಕಿತೆಂದು ಸುದ್ದಿಯಾದರೂ ನನ್ನ ಅಜ್ಜಿ ಆಂಪಾರೋ ತುಟಿಗೆ ಬಣ್ಣ ಹಚ್ಚಿಕೊಂಡು ಹೊರಡುತ್ತಾಳೆ. 'ಇಷ್ಟು ದಿನದ ಮೇಲೆ ನೋಡ್ತಾರೆ, ಚೆನ್ನಾಗಿ ಕಾಣಬೇಡ್ವಾ?' ಎನ್ನುತ್ತಾಳೆ. ಸಂಜೆ ವಾಪಸು ಬಂದು ಬಣ್ಣ ಒರೆಸಿಕೊಳ್ಳುತ್ತಾಳೆ. ನಾವು ಏನೂ ಕೇಳುವುದಿಲ್ಲ."

ರೊಹೇಲಿಯೋ ಕೂಡ ಸುಮ್ಮನಿದ್ದ.

"ಈಗ ನನಗೊಬ್ಬರು ಸಿಕ್ಕಿದ್ದಾರೆ. ತಾತ ಹೌದೋ ಅಲ್ಲವೋ ಗೊತ್ತಿಲ್ಲ. ಅಜ್ಜಿಗೆ ಇನ್ನೂ ಹೇಳಿಲ್ಲ, ಹೇಳಲು ಭಯ. ಅಲ್ಲವೆಂದಾದರೆ ಅಜ್ಜಿ ಮತ್ತೆ ಒಮ್ಮೆ ತುಟಿ ಒರೆಸಿಕೊಳ್ಳಬೇಕು; ಆ ಕೈಗೆ ಈಗ ಶಕ್ತಿಯಿಲ್ಲ. ಹೌದೆಂದಾದರೆ ಇನ್ನೂ ಭಯ. ಯಾಕೆಂದರೆ ಅವರು ಇರುವುದು ಒಬ್ಬ ಹುಡುಗಿಯ ಮನೆಯಲ್ಲಿ. ಅವರನ್ನು ಕಾಪಾಡಿದ ಮನೆ ಅದು. ಆ ಮನೆಯನ್ನು ಬರಿದು ಮಾಡಿ ನಾನು ಹೇಗೆ ಹೊರಡಲಿ? ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಆ ಬುರುಡೆಯ ಮುಂದೆ ನಿಂತು ಕೇಳಿಕೊಂಡಿದ್ದೇನೆ: ನೀವು ಯಾರೇ ಆಗಿರಿ, ಆ ಹುಡುಗಿ ನನ್ನ ಕಡೆ ನೋಡುವುದನ್ನು ನಿಲ್ಲಿಸದಿರಲಿ."

ಹಾಳೆ ಮಡಚಿದ.

ಯೋಲಾಳ ಕಣ್ಣು ಮಂಜಾಯಿತು. ತಾನು ಒಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದಳು. ಇವನೂ... ಇವನೂ ಇಷ್ಟು ದಿನ ತನ್ನಷ್ಟೇ ಹೆದರಿಕೊಂಡು ಮಹಡಿಯ ಮೇಲೆ ತನ್ನ ಪಕ್ಕ ಕೂತಿದ್ದನೇ!

ಹೊರಗಿನ ಓಣಿಯಲ್ಲಿ ಅವನೆದುರು ನಿಂತಳು.

"ಎಂಟನೇ ತಾರೀಖು ನಿಮ್ಮಜ್ಜೀನ ಸ್ಮಶಾನಕ್ಕೆ ಕರ್ಕೊಂಡು ಬಾ."

"ಯೋಲಾ! ನಿಮ್ಮಜ್ಜಿ..."

"ಅಜ್ಜಿಗೆ ನಾನು ಹೇಳ್ತೀನಿ." ಅವಳ ತುಟಿ ಅದುರಿತು. "ನಿಮ್ಮೋರೇ ಆದ್ರೆ... ಕರ್ಕೊಂಡು ಹೋಗಿ."

ಹೇಳಿದ ಮೇಲೆ ಅಲ್ಲಿ ನಿಲ್ಲಲು ಧೈರ್ಯ ಸಾಲದೆ ಓಡಿಬಿಟ್ಟಳು.

ಅಬೆಲ್ ಓದಿದ್ದನ್ನೆಲ್ಲ ಯೋಲಾ ಹೇಳಿದಾಗ ಅಜ್ಜಿ ಕೊರಳಿನ ಕೀಲಿಯನ್ನು ಹಿಡಿದುಕೊಂಡು ಕೂತಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ ಯೋಲಾಳಿಗೆ ಅದೇ ಹೆಚ್ಚು ಭಯ ತಂದಿತು.

"ಆ ಮುದುಕಿ... ಹೋದಲ್ಲೆಲ್ಲ ತುಟಿಗೆ ಬಣ್ಣ ಹಚ್ಕೊಂಡು ಹೋಗ್ತಾಳಾ?" ಅಜ್ಜಿ ಕೊನೆಗೆ ಕೇಳಿದಳು.

"ಹೂಂ ಅಜ್ಜಿ."

ಅಜ್ಜಿ ಕೊರಳಿನ ಕೀಲಿಯನ್ನು ಬಿಚ್ಚಿ ಯೋಲಾಳ ಕೈಗೆ ಹಾಕಿದಳು. "ನಂಗೆ ಕೈ ಬರೋದಿಲ್ಲ. ನೀನೇ ತೆಗಿ."

* * *

ಸ್ಮಶಾನದ ಓಣಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಹಳೆ, ಡೋಲು, ಹೂವಿನ ರಾಶಿ, ಸಿಗರೇಟಿನ ಹೊಗೆ. ತಂಪು ಕನ್ನಡಕ ಹಾಕಿದ ಬುರುಡೆ, ಪೊಲೀಸ್ ಟೋಪಿಯ ಬುರುಡೆ, ಮಗುವಿನ ಹಾಗೆ ಮಡಿಲಲ್ಲಿ ಮಲಗಿದ ಬುರುಡೆ. ಎಲ್ಲರೂ ತಮ್ಮ ತಮ್ಮವರಿಗೆ ಹಾಡು ಹೇಳಿಸುತ್ತಿದ್ದರು.

ಸಾತುಕಾ ಅಜ್ಜಿ ಮಾತ್ರ ಗೋಡೆಯ ಬುಡದಲ್ಲಿ, ಗಾಜಿನ ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು ಕೂತಿದ್ದಳು. ದೋನ್ ಫೆರ್ಮಿನ್‌ರ ತಲೆಗೆ ಬಿಳಿ ಗುಲಾಬಿಯ ಕಿರೀಟ. ಯೋಲಾ ಅವಳ ಹೆಗಲು ಹಿಡಿದಿದ್ದಳು.

'ಬರದಿರಲಿ. ಅವರಿಗೆ ಮಿನಿಬಸ್ ಸಿಗದಿರಲಿ. ದಾರಿ ತಪ್ಪಲಿ...'

ಹಾಗೆಂದುಕೊಳ್ಳುವಷ್ಟರಲ್ಲೇ ಜನರ ನಡುವೆ ಅಬೆಲ್ ಕಂಡ. ಅವನ ತೋಳು ಹಿಡಿದು, ಬೂದು ಕೋಟು, ಕೈಗವಸು ತೊಟ್ಟ ಸಣಕಲು ಮುದುಕಿ. ತುಟಿಗೆ ಕೆಂಪು ಬಣ್ಣ.

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು.

"ಅಮ್ಮಾ..." ಮೊದಲು ಬಾಯಿ ತೆರೆದವಳು ಸಾತುಕಾ ಅಜ್ಜಿ. ದನಿ ಒಡೆದಿತ್ತು. "ಚಳಿ ಆಗದ ಹಾಗೆ ನೋಡ್ಕೊಂಡಿದ್ದೀನಿ. ಸ್ವಲ್ಪ ದಿನ... ಬೀಗ ಹಾಕಿಟ್ಟಿದ್ದೆ. ಅದೊಂದು ತಪ್ಪಾಯ್ತು."

ಅಬೆಲ್‌ನ ಅಜ್ಜಿ ದೊನ್ಯಾ ಆಂಪಾರೋ ಕೈಗವಸು ಕಳಚಿದಳು. ಅಬೆಲ್ ಹಿಡಿಯಲು ಬಂದರೂ ಬಿಡದೆ, ತಾನೇ ನೆಲದ ಮೇಲೆ ಮೊಣಕಾಲೂರಿದಳು.

ಸಾತುಕಾ ಅಜ್ಜಿ ಪೆಟ್ಟಿಗೆ ತೆರೆದು, ಕಣ್ಣು ಮುಚ್ಚಿ, ಕೊಟ್ಟಳು.

ಡೋಲು ಮೊಳಗುತ್ತಲೇ ಇತ್ತು. ಯೋಲಾಳಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಆ ಮುದುಕಿಯ ಬರಿಯ ಬೆರಳು ಹುಬ್ಬಿನ ಗೀರಿನ ಮೇಲೆ ಹೋಯಿತು... ಕೆನ್ನೆಯ ಮೂಳೆಗೆ ಇಳಿಯಿತು... ಚಿನ್ನದ ಹಲ್ಲಿನ ಮೇಲೆ ನಿಂತಿತು.

ಯೋಲಾ ಅಜ್ಜಿಯನ್ನು ಗಟ್ಟಿಯಾಗಿ ಹಿಡಿದಳು.

"ಇವರಲ್ಲ," ಎಂದಳು ದೊನ್ಯಾ ಆಂಪಾರೋ.

"ಅಜ್ಜಿ, ಸರಿಯಾಗಿ ನೋಡು!" ಅಬೆಲ್ ಕುಸಿದು ಕೂತ. "ಚಿನ್ನದ ಹಲ್ಲು... ನೀನೇ ಹೇಳ್ತಿದ್ದೆಯಲ್ಲ!"

"ನಿಮ್ಮ ತಾತನಿಗೆ ಚಿನ್ನದ ಹಲ್ಲೇ ಇರ್ಲಿಲ್ಲ ಮಗು."

"ಏನು?"

"ಅಲ್ಲಿ ಹಲ್ಲೇ ಇರ್ಲಿಲ್ಲ. ಅದಕ್ಕೇ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ರು. ಒಂದಲ್ಲ ಒಂದು ದಿನ ಚಿನ್ನದ್ದು ಹಾಕಿಸ್ಕೋತೀನಿ ನೋಡು ಅನ್ನೋರು. ಮೇಷ್ಟ್ರ ಸಂಬಳದಲ್ಲಿ ಎಲ್ಲಿ ಬರತ್ತೆ?" ಮುದುಕಿ ನಕ್ಕಳು, ನಗುವಿನ ಜೊತೆಗೇ ಕಣ್ಣೀರು ಇಳಿಯಿತು. "ಕಾಣೆಯಾದೋರನ್ನ ಹುಡುಕೋ ಅಧಿಕಾರಿಗಳು ಕೇಳಿದಾಗ ನಿಜಾನೇ ಹೇಳಿದ್ದೆ. ನೀನು ಪುಟ್ಟವನು, ತಾತ ಹೇಗಿದ್ರು ಅಜ್ಜಿ ಅಂತ ಮಡಿಲಲ್ಲಿ ಕೂತು ಕೇಳ್ತಿದ್ದೆ. ಕಥೇಲಾದ್ರೂ ಅವರು ಕೈ ತೆಗೆದು ನಗ್ಲಿ ಅಂತ... ನಾನೇ ಹಾಕಿಸಿಬಿಟ್ಟೆ."

ಅಬೆಲ್ ಮುಖ ಮುಚ್ಚಿಕೊಂಡ.

ಆದರೆ ದೊನ್ಯಾ ಆಂಪಾರೋ ಬುರುಡೆಯನ್ನು ಹಿಂದಕ್ಕೆ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಕೂತಳು. ಸಾತುಕಾ ಅಜ್ಜಿಯ ಎರಡೂ ಕೈ ಗಾಳಿಯಲ್ಲೇ ಚಾಚಿಕೊಂಡಿದ್ದವು. ಯೋಲಾ ಆ ಮಡಿಲನ್ನೇ ನೋಡಿದಳು. 'ಅಲ್ಲ ಅಂದಮೇಲೂ ಕೊಂಡೊಯ್ದರೆ?'

"ಇವರು ಸಿಗರೇಟು ಸೇದ್ತಾರಾ?" ದೊನ್ಯಾ ಆಂಪಾರೋ ಕೇಳಿದಳು.

"ಸೇದ್ತಾರಮ್ಮ," ಎಂದಳು ಸಾತುಕಾ ಅಜ್ಜಿ, ಎಂಜಲು ನುಂಗಿ.

"ನಮ್ಮೋರೂ ಸೇದೋರು. ನಾನೇ ಒಂದು ಹಚ್ಚಲಾ?"

ಹಚ್ಚಲು ಹೋಗಿ ಕೆಮ್ಮಿದಳು. ಸಾತುಕಾ ಅಜ್ಜಿ ಅವಳ ಬೆನ್ನು ತಟ್ಟಿದಳು. ಇಬ್ಬರೂ ಸೇರಿ ಸಿಗರೇಟನ್ನು ದೋನ್ ಫೆರ್ಮಿನ್‌ರ ಬಾಯಿಗಿಟ್ಟರು. ಹೊಗೆ ನೆಟ್ಟಗೆ ಮೇಲೇರಿತು.

"ನಮ್ಮೋರನ್ನೂ..." ದೊನ್ಯಾ ಆಂಪಾರೋ ಶುರು ಮಾಡಿದವಳು ಮುಗಿಸಲಾರದೆ ಹೋದಳು. "ಎಲ್ಲೋ... ಯಾರಾದ್ರೂ..."

"ಟೋಪಿ ಹಾಕಿರ್ತಾರಮ್ಮ," ಎಂದಳು ಸಾತುಕಾ ಅಜ್ಜಿ. "ಯಾರೋ ಒಬ್ಬಳು ಹಾಕಿರ್ತಾಳೆ. ಹಾಗೇ ಬಿಡೋಲ್ಲ."

ದೊನ್ಯಾ ಆಂಪಾರೋ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದವರನ್ನು ಎತ್ತಿ, ಹಣೆಗೆ ಮುತ್ತಿಟ್ಟು, ಆ ಚಾಚಿದ ಕೈಗಳಿಗೆ ಕೊಟ್ಟಳು. ಬಿಳಿ ಮೂಳೆಯ ಮೇಲೆ ತುಟಿಯ ಕೆಂಪು ಬಣ್ಣ ಉಳಿಯಿತು. ಸಾತುಕಾ ಅಜ್ಜಿ ಅದನ್ನು ಒರೆಸಲಿಲ್ಲ.

"ಬಾ, ಈ ಕಡೆ ಕೂತ್ಕೋ. ನೆಲ ತಣ್ಣಗಿದೆ, ನನ್ನ ಲಂಗದ ನೆರಿಗೆ ಮೇಲೆ ಕೂತ್ಕೋ," ಎಂದು ಗದರಿದಳು. ಹಳೆಯ ಗತ್ತು ಬಂದಿತ್ತು ದನಿಗೆ. ಎಷ್ಟೋ ದಿನದ ಮೇಲೆ, "ಹಸಿವಾಗ್ತಿದೆ ಕಣೇ ಯೋಲಾ, ತಿನ್ನೋಕೆ ಏನಾದ್ರೂ ತಗೊಂಡು ಬಾ," ಎಂದಳು.

ಯೋಲಾ ಅಳುತ್ತ, ನಗುತ್ತ ಎದ್ದಳು.

ಹೂವಿನಂಗಡಿಗಳ ಸಾಲಿನ ಆಚೆ ಅಬೆಲ್ ಒಬ್ಬನೇ ನಿಂತಿದ್ದ. ಅವನ ಕೈ ಖಾಲಿಯಾಗಿತ್ತು. ತಾತನನ್ನು ಇನ್ನೊಮ್ಮೆ ಕಳೆದುಕೊಂಡವನ ಹಾಗಿದ್ದ. ಅವಳು ಹತ್ತಿರ ಬಂದರೂ ತಲೆಯೆತ್ತಲಿಲ್ಲ.

"ಕ್ಷಮಿಸು," ಎಂದ. "ಸುಮ್ಮಸುಮ್ಮನೆ ನಿಮ್ಮಜ್ಜೀನ ಹೆದರಿಸಿದೆ. ನಿನ್ನನ್ನೂ."

ಯೋಲಾ ಕೇಳಬೇಕಾದ ಒಂದೇ ಪ್ರಶ್ನೆ ಗಂಟಲಲ್ಲಿತ್ತು. ಕೇಳಲು ಭಯ. ಕೇಳದಿದ್ದರೆ ಅದಕ್ಕಿಂತ ಭಯ. ಅವನಿಗೆ ಬೇಕಾಗಿದ್ದವರು ತಮ್ಮ ಮನೆಯಲ್ಲಿಲ್ಲ. ಹಾಗಾದರೆ...

"ಅವರು ನಿಮ್ಮ ತಾತ ಅಲ್ಲ ಅಂತ ಗೊತ್ತಾಯ್ತಲ್ಲ," ಎಂದಳು, ನೆಲ ನೋಡುತ್ತ. "ಇನ್ನು ನಮ್ಮ ಮನೆಗೆ ಬರೋಕೆ ನಿಂಗೆ ಕಾರಣ ಏನಿದೆ?"

ಅಬೆಲ್ ತಲೆಯೆತ್ತಿದ. ಯೋಚಿಸಿದ. ಅವಳಿಗೆ ಆ ಕ್ಷಣ ಒಂದು ಯುಗವಾಯಿತು.

"ಒಂದೂ ಇಲ್ಲ," ಎಂದ. "ಅದಕ್ಕೇ ಬರ್ತೀನಿ."

ಅವಳ ಎದೆಯೊಳಗೆ ಏನೋ ಸಡಿಲಾಯಿತು. ಆದರೂ ಕೈ ತಣ್ಣಗೇ ಇತ್ತು.

"ಅಬೆಲ್... ನಂಗೆ ಇನ್ನೂ ಭಯ ಆಗ್ತಿದೆ ಕಣೋ."

"ನಂಗೂ," ಎಂದು ಅವನು ಆ ಕೈ ಹಿಡಿದ. "ಜೊತೇಲಿ ಹೆದರೋಣ, ಬಾ."